ಅವ್ವ ಹಚ್ಚದ ಎಣ್ಣೆ

ಬೆಂಗಳೂರಿನ ಲ್ಯಾಬಿನಲ್ಲಿ ಪೊರೆ ಮಾಡುತ್ತೇನೆ ಎಂದು ಅವ್ವನಿಗೆ ಹೇಳಿದ್ದೇ ನನ್ನ ತಪ್ಪು. ನಾನು ಹೇಳಿದ್ದು ಜೀವಕೋಶದ ಪೊರೆಯ ನಕಲು. ಸೋಲೂರಿನ ನನ್ನವ್ವ ಮೀನಾಕ್ಷಮ್ಮ ಕೇಳಿಸಿಕೊಂಡಿದ್ದು ಹಾವಿನ ಪೊರೆ. ಆ ಕೆಲಸ ಬಿಡು ಎಂದು ಮೂರು ದಿನ ಜೀವ ತಿಂದಳು.

ಅವಳನ್ನು ನೋಡಿ ನಗಲಾರೆ. ನನಗಿಂತ ಮೊದಲು ಹುಟ್ಟಿದ ಅಕ್ಕನ ಮೈಯೆಲ್ಲ ಹಾವಿನ ಮೈಯಂತೆ ಹುರುಪೆಗಟ್ಟಿ ಬಿರಿಯುತ್ತಿತ್ತಂತೆ. ಅವ್ವ ಬಸುರಿಯಾಗಿದ್ದಾಗ ತೆಂಗಿನ ತೋಟದಲ್ಲಿ ಅವಳ ಕುಡುಗೋಲಿಗೆ ನಾಗರಮರಿಯೊಂದು ಸಿಕ್ಕಿ ಸತ್ತಿತ್ತು. ಊರಿಗೆ ಅಷ್ಟು ಸಾಕಾಯಿತು, ನಾಗದೋಷ ಎಂದರು. ಅಪ್ಪ ಸಿದ್ದಗಂಗಯ್ಯ ಅವ್ವನ ಸ್ವಂತ ಸೋದರಮಾವ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಹಾವು ಎದುರು ಮಾತಾಡುವುದಿಲ್ಲವಲ್ಲ, ತಪ್ಪೆಲ್ಲ ಅದರ ತಲೆಗೆ.

ಶಾಸ್ತ್ರ ಹೇಳುವವನೊಬ್ಬ ನಲವತ್ತೆಂಟು ದಿನ ಮಗುವಿಗೆ ಎಣ್ಣೆ ಮುಟ್ಟಿಸಬೇಡಿ ಎಂದ. ಅವ್ವ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಅಟ್ಟಕ್ಕೆ ಎತ್ತಿಟ್ಟಳು. ಮೂವತ್ತೊಂದನೇ ದಿನ ಮಗು ಹೋಯಿತು. ಅಂದಿನಿಂದ ಅರಳಿಕಟ್ಟೆಯ ನಾಗರಕಲ್ಲಿಗೆ ಅವಳು ಹಾಲೆರೆಯದ ಸೋಮವಾರವಿಲ್ಲ.

ಮೊನ್ನೆ ಭಾನುವಾರ ಊರಿಗೆ ಬಂದಿದ್ದಾಗ ಇದಕ್ಕೊಂದು ಕೊನೆ ಹಾಡಲೇಬೇಕೆಂದು ಕೂತೆ. ನಮ್ಮ ಚರ್ಮದಲ್ಲಿ ಸೆರಮೈಡ್ ಎಂಬ ಜಿಡ್ಡು ಇರುತ್ತದೆ, ಅದು ಪಕ್ಕದ ಕೊಬ್ಬನ್ನೆಲ್ಲ ಒತ್ತೊತ್ತಾಗಿ ಜೋಡಿಸಿ ಬಿಗಿಯಾಗಿಸುತ್ತದೆ, ನಮ್ಮ ನಕಲು ಪೊರೆಗೆ ತುಸು ಬೆರೆಸಿದರೂ ಅದರ ಕಟ್ಟೇ ಬದಲಾಗುತ್ತದೆ ಎಂದೆ. ಅದು ಸರಿಯಿಲ್ಲದಿದ್ದರೆ ಚರ್ಮವೂ ಹೆಂಚು ಸರಿದ ಮನೆಯ ಹಾಗೆ, ಆದರೆ ಸೋರುವುದು ಒಳಗಿನ ನೀರು ಹೊರಕ್ಕೆ. ಒಂದೇ ರಕ್ತದೊಳಗಿನ ಮದುವೆಯಲ್ಲಿ ಇಂಥ ಕಾಯಿಲೆ ಹೆಚ್ಚು, ಅಕ್ಕನಿಗೂ ಅದೇ ಇದ್ದಿರಬೇಕು ಎಂದೆ.

"ಹಾವಿನ ತಪ್ಪಲ್ಲ ಕಣವ್ವ. ನಿಂದೂ ಅಲ್ಲ."

ಗೆದ್ದೆನೆಂದು ಒಳಗೊಳಗೇ ಬೀಗಿದೆ. ಅವ್ವ ಕೇಳಿದ್ದು ಬೇರೆಯೇ.

"ನೀರು ಸೋರೋಯ್ತದೆ ಅಂದ್ಯಲ್ಲ ಕವನ. ಮ್ಯಾಲೆ ಎಣ್ಣೆ ಹಚ್ಚಿದ್ರೆ ಒಸಿ ನಿಲ್ತಿತ್ತಾ?"

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಇಷ್ಟು ಓದಿದ ನನಗೆ ಅಷ್ಟು ಬುದ್ಧಿ ಬರಲಿಲ್ಲ. ಎಣ್ಣೆಯೊಂದರಿಂದಲೇ ಮಗು ಉಳಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ನೀರು ತುಸು ನಿಲ್ಲುತ್ತಿತ್ತು ಎಂದುಬಿಟ್ಟೆ.

"ಹಚ್ಚಾಕೆ ಕೈ ತುಡೀತಿತ್ತು ಕಣೆ. ನಾನೇ ತಡ್ಕಂಡೆ."

ಇಷ್ಟು ವರ್ಷ ಅವಳ ಪಾಪದ ಅರ್ಧ ಭಾರವನ್ನು ಹಾವು ಹೊತ್ತಿತ್ತು. ಅದನ್ನೂ ಇಳಿಸಿ ಅವಳ ತಲೆಯ ಮೇಲಿಟ್ಟವಳು ನಾನು. ನನ್ನ ವಿದ್ಯೆಗಿಷ್ಟು ಬೆಂಕಿ ಬೀಳ.

ಮಾರನೆಯ ದಿನ ಸೋಮವಾರ. ಅವ್ವ ನಾಗರಕಲ್ಲಿಗೆ ಹೋಗಲಿಲ್ಲ. ಬೆಳಗ್ಗೆಯೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೈಗೆ, ಕಾಲಿಗೆ, ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕತೊಡಗಿದಳು. ಬೆಂಗಳೂರಿನ ಬಸ್ಸು ಹೋಗುತ್ತದೆ ಎಂದೆ. ಬಿಡಲಿಲ್ಲ.