ಒಂದೂ ಬಾಲ್ ತಡೆಯದ ಸಂಜೆ

ಹೋದ ತಿಂಗಳು ಮೆಡಿಕಲ್ ಶಾಪಿನಲ್ಲಿ ಯಾರೋ ನೀಲಗಿರಿ ಎಣ್ಣೆಯ ಸೀಸೆ ಬೀಳಿಸಿ ಒಡೆದರು. ಆ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರು ಎಣ್ಣೆಯಿಂದಲೇ ಎಂದುಕೊಂಡಿರಬೇಕು. ನನಗೆ ನೆನಪಾದದ್ದು ಜಯನಗರದ ನಮ್ಮ ಪಕ್ಕದ ಮನೆಯ ಅಣ್ಣ. ಅರವತ್ತರ ದಶಕದಲ್ಲಿ ಪ್ರತಿ ಸಂಜೆ ಎರಡೂ ಮಂಡಿಗೆ ಆ ಎಣ್ಣೆ ತಿಕ್ಕಿಕೊಂಡು ಬ್ಯಾಸ್ಕೆಟ್‌ಬಾಲ್ ಆಡಲು ಬರುತ್ತಿದ್ದರು.

ಆರಡಿ ಮೂರಂಗುಲದ ಆಳು. ಬಾಲನ್ನು ಬುಟ್ಟಿಗೆ ಹಾಕುವುದು ಮಾತ್ರ ಅವರಿಗೆ ಬಾರದು, ಬೇಕಾಗಿಯೂ ಇರಲಿಲ್ಲ. ನಮ್ಮ ಬುಟ್ಟಿಯ ಕೆಳಗೆ ಎರಡು ಕೈ ಎತ್ತಿ ನಿಂತರೆ ಮುಗಿಯಿತು, ಎದುರಾಳಿಗಳಿಗೆ ಹತ್ತಿರ ಬರಲು ಧೈರ್ಯ ಸಾಲುತ್ತಿರಲಿಲ್ಲ. ದೂರದಿಂದಲೇ ಎಸೆಯುತ್ತಿದ್ದರು, ತಪ್ಪಿದ ಬಾಲ್ ಅಣ್ಣನ ಕೈಗೆ, ಅಲ್ಲಿಂದ ನನ್ನ ಕೈಗೆ. ನಾನು ಓಡಿಹೋಗಿ ಬುಟ್ಟಿಗೆ ಹಾಕುತ್ತಿದ್ದೆ. ಚಪ್ಪಾಳೆಯೆಲ್ಲ ನನಗೆ! ಸ್ಕೋರ್ ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಫೌಲು ಬಿಟ್ಟರೆ ಏನೂ ಇರುತ್ತಿರಲಿಲ್ಲ. ನಾನೇನು ಕಡಿಮೆ, ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ.

ಆಗ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಮ್ಮ ಟೀಮಿಗೆ ಸೇರಿಸಿಕೊಳ್ಳುತ್ತಿದ್ದವು. ಚೆನ್ನಾಗಿ ಆಡಿದರೆ ಪರ್ಮನೆಂಟ್ ಕೆಲಸ. ಒಂದು ಸಂಜೆ ಅಂಥ ಕಾರ್ಖಾನೆಯ ಆಫೀಸರ್ ಒಬ್ಬರು ನಮ್ಮ ಮ್ಯಾಚ್ ನೋಡಲು ಬಂದರು. ಇದ್ದದ್ದು ಒಂದೇ ಜಾಗ. ನಮ್ಮಿಬ್ಬರಿಗೂ ಕೆಲಸವಿರಲಿಲ್ಲ. ಅಣ್ಣನಿಗಂತೂ ತಂದೆ ಇರಲಿಲ್ಲ, ತಾಯಿಯನ್ನೂ ತಂಗಿಯನ್ನೂ ಸಾಕಬೇಕಿತ್ತು.

ಅವತ್ತು ಅಣ್ಣ ಒಂದೂ ಬಾಲ್ ತಡೆಯಲಿಲ್ಲ. ತಡೆಯುವ ಪ್ರಸಂಗವೇ ಬರಲಿಲ್ಲ, ಅವರ ಹತ್ತಿರಕ್ಕೆ ಯಾರೂ ಸುಳಿಯಲೇ ಇಲ್ಲವಲ್ಲ! ನಾವೇ ಗೆದ್ದೆವು. ಆಫೀಸರ್ ಮೊದಲು ಅಣ್ಣನನ್ನು ಕರೆದು ಏನೋ ಕೇಳಿದರು. ಆಮೇಲೆ ನನ್ನನ್ನು ಕರೆದರು.

“ಆ ಉದ್ದನೆಯವ್ರು ಸುಮ್ನೆ ನಿಂತಿದ್ರಲ್ಲಪ್ಪ, ಯಾವಾಗ್ಲೂ ಹಿಂಗೇನಾ?”

ಅವರು ನಿಂತಿದ್ದಕ್ಕೇ ಗೆದ್ದದ್ದು ಸಾರ್ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ... “ಹೌದು ಸಾರ್” ಎಂದುಬಿಟ್ಟೆ.

ಕೆಲಸ ನನಗೆ ಸಿಕ್ಕಿತು. ಅಣ್ಣ ಬೆನ್ನು ತಟ್ಟಿ “ಒಳ್ಳೇದಾಯ್ತು ಕಣೋ” ಎಂದರು. ಆರು ತಿಂಗಳಲ್ಲಿ ಮನೆ ಖಾಲಿ ಮಾಡಿಕೊಂಡು ಹೋದರು. ಕಾರ್ಖಾನೆಯ ಟೀಮಿನಲ್ಲಿ ಎಲ್ಲರೂ ನನ್ನ ಹಾಗೆ ಬುಟ್ಟಿಗೆ ಹಾಕುವವರೇ. ಎದುರಾಳಿಗಳು ಸೀದಾ ಒಳಗೆ ನುಗ್ಗಿ ಬರುತ್ತಿದ್ದರು. ನಾನು ಹಳೇ ಅಭ್ಯಾಸದಿಂದ ಹಿಂದೆ ತಿರುಗಿ ನೋಡುತ್ತಿದ್ದೆ... ಬುಟ್ಟಿಯ ಕೆಳಗೆ ಯಾರೂ ಇರುತ್ತಿರಲಿಲ್ಲ. ಅಷ್ಟು ಜನರ ಮಧ್ಯೆಯೂ ನನಗೆ ತೀರಾ ಒಂಟಿ ಎನಿಸುತ್ತಿತ್ತು.

ಹೋದ ವಾರ ಮನಸ್ಸು ತಡೆಯಲಿಲ್ಲ. ಅವರಿವರನ್ನು ಕೇಳಿ ಇಟ್ಟಮಡುವಿನಲ್ಲಿ ಅವರ ತಂಗಿಯ ಮನೆ ಹುಡುಕಿಕೊಂಡು ಹೋದೆ. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತಂತೆ. ಕೈಲಾಗುವವರೆಗೂ ಯಾವುದೋ ಬಟ್ಟೆ ಅಂಗಡಿಯಲ್ಲಿ ದುಡಿದರಂತೆ...

“ಫ್ಯಾಕ್ಟರಿ ಸೇರಿದ್ರಲ್ಲ, ಅವರು ನೀವೇನಾ?” ಎನ್ನುತ್ತ ಆಕೆ ಕಾಫಿ ತಂದಿಟ್ಟರು. “ನಮ್ಮಣ್ಣ ಹೇಳ್ತಾನೇ ಇರ್ತಿದ್ದ. ಆಫೀಸರ್ ಕೇಳಿದ್ರಂತೆ, ನಿಮ್ಮಿಬ್ಬರಲ್ಲಿ ಯಾರನ್ನ ತಗೊಳ್ಳೋದು ಅಂತ. ‘ಆ ಹುಡುಗನ್ನ ತಗೊಳ್ಳಿ ಸಾರ್, ನಾನು ಸುಮ್ನೆ ನಿಂತಿರ್ತೀನಿ ಅಷ್ಟೆ’ ಅಂದ್ನಂತೆ.”

ಕೈಗೆತ್ತಿಕೊಂಡಿದ್ದ ಲೋಟವನ್ನು ಕೆಳಗಿಟ್ಟೆ.

“ಸುಮ್ನೆ ನಿಂತಿರ್ಲಿಲ್ಲಮ್ಮ ನಿಮ್ಮಣ್ಣ” ಎಂದೆ. ಆಕೆ ಏನೂ ತಿಳಿಯದೆ ನನ್ನ ಮುಖ ನೋಡಿದರು. ಆ ಮಾತು ಕೇಳಬೇಕಾಗಿದ್ದವರು ಇಬ್ಬರು, ಆ ಆಫೀಸರ್ ಮತ್ತು ಅಣ್ಣ. ಇಬ್ಬರೂ ಈಗ ಇಲ್ಲ.