ಅಣ್ಣುವಿನ ಬೆನ್ನು

ಥಿಯೇಟರಿನ ಮುಂದಿನ ಗದ್ದಲದಲ್ಲಿ ಶಂಕ್ರೆಪ್ಪ "ಏ ಹೀರೋ!" ಎಂದು ಕೂಗಿ ಫಟ್ಟನೆ ಬಾರಿಸಿದ್ದು ಅಣ್ಣುವಿನ ಬೆನ್ನಿಗಲ್ಲ. ಹೆಂಡತಿಯ ಪಕ್ಕ ನಿಂತು ಕುಲ್ಫಿ ತಿನ್ನುತ್ತಿದ್ದ ಯಾರೋ ದೊಡ್ಡ ಮನುಷ್ಯನ ಬೆನ್ನಿಗೆ. ಕುಲ್ಫಿ ಕಡ್ಡಿ ಬಿಟ್ಟು ಜಾರಿ, ಅವನ ಬಿಳಿ ಷರ್ಟಿನ ಗುಂಡಿಗಳನ್ನು ಒಂದೊಂದಾಗಿ ಎಣಿಸುತ್ತ ಕೆಳಗಿಳಿಯಿತು. ಶಂಕ್ರೆಪ್ಪ ಗಾಬರಿಯಿಂದ ಕರವಸ್ತ್ರ ತೆಗೆದು ಒರೆಸಿದ. ಬೆಳಿಗ್ಗೆ ಆಫೀಸಿನಲ್ಲಿ ಪೆನ್ನು ಒರೆಸಿದ ಕರವಸ್ತ್ರ ಅದು. ಷರ್ಟಿಗೆ ಶಾಯಿಯೂ ಆಯಿತು.

"ಪಿಯಾ ಹುವಾ ಲಗತಾ ಹೈ," ಎಂದು, ಕುಡಿದವನೆಂದೇ ತಿಳಿದು, ಆ ಹೆಂಗಸು ಗಂಡನನ್ನು ಎಳೆದುಕೊಂಡು ಹೋದಳು. ಪಾನನಿರೋಧವಿರುವ ಮುಂಬಯಿಯಲ್ಲಿ, ಹಾಡುಹಗಲು, ಧಾರವಾಡದ ಮರ್ಯಾದಸ್ಥ ಗುಮಾಸ್ತನೊಬ್ಬ ಕೇಳಬೇಕಾದ ಮಾತೇ ಇದು? ಅದಕ್ಕಿಂತ ನಾಚಿಕೆಯ ಸಂಗತಿ ಬೇರೆಯಿತ್ತು. ಸಾವಿರ ಬೆನ್ನುಗಳ ನಡುವೆಯೂ ಅಣ್ಣುವಿನ ಬೆನ್ನನ್ನು ಗುರುತು ಹಿಡಿಯುತ್ತೇನೆಂದು ಅವನು ಒಂದು ವಾರದಿಂದ ಆಫೀಸಿನಲ್ಲಿ ಕೊಚ್ಚಿಕೊಂಡಿದ್ದ.

ನಿಜವಾದ ಅಣ್ಣು ಥಿಯೇಟರಿನ ಮೆಟ್ಟಿಲ ಮೇಲೆ ಕೂತಿದ್ದ. ಒಂದು ಗಂಟೆ ಮುಂಚೆಯೇ ಬಂದು ಕೂತಿದ್ದ.

"ಎಷ್ಟು ಪೆಟ್ಟು ಬಿತ್ತು ಸಾಹೇಬ್ರೇ?"

"ಬಿದ್ದಿಲ್ಲೋ. ನೀ ಯಾಕ ಇಲ್ಲಿ ಕುಂತೀ?"

"ಕೂತುಕೊಳ್ಳಲಿಕ್ಕೆ ಜಾಗ ಉಂಟಲ್ಲ," ಎಂದ ಅಣ್ಣು.

ಅಣ್ಣುವಿಗೆ ಈಗ ನಲವತ್ತಾರು. ಹದಿನಾರಕ್ಕೆ ಉಡುಪಿಯ ಕಡೆಯಿಂದ ಹಡಗು ಹತ್ತಿ ಬಂದವನು, ಮಾಟುಂಗ ಸ್ಟೇಶನ್ನಿನ ಬಳಿ ಸದಾನಂದ ಶೆಟ್ಟರ ಹೋಟೆಲಿನಲ್ಲಿ ಸಪ್ಲಾಯರ್ ಆಗಿ ನಿಂತ. ನಿಂತ ಎಂದರೆ ನಿಂತೇ ಬಿಟ್ಟ. ಮೂವತ್ತು ವರ್ಷ ಊಟವೂ ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡೇ. ಮೀನಖಂಡದ ನರಗಳು ಪಡವಲ ಬಳ್ಳಿಯಂತೆ ಸುತ್ತಿಕೊಂಡಿದ್ದವು. ಎಡಗೈಯ ಬೆರಳಿನಿಂದ ಮೊಣಕೈವರೆಗೆ ಚಹಾದ ಆರು ಕಪ್ಪು ಸಾಲಾಗಿ ಹೊತ್ತು, ಮೇಜುಗಳ ಸಂದಿಯಲ್ಲಿ ಒಂದು ಹನಿ ಚೆಲ್ಲದೆ ಬರುತ್ತಿದ್ದ. ಮೇಜಿನ ಮೇಲೆ ಇಡುವ ಮೊದಲು ಹೆಗಲ ಬಟ್ಟೆಯ ತುದಿಯಿಂದ ಪ್ರತಿ ಸಾಸರಿನ ಅಡಿ ಒರೆಸುತ್ತಿದ್ದ. ಅದು ಶೆಟ್ಟರ ಕಟ್ಟಾಜ್ಞೆ. ಗಿರಾಕಿಯ ಮೇಜಿನ ಮೇಲೆ ಒದ್ದೆ ಉಂಗುರ ಮೂಡಬಾರದು. ಮುಂಬಯಿಯಲ್ಲಿ ಇನ್ನಾವ ಹೋಟೆಲಿಗೂ ಈ ಹುಚ್ಚು ಇರಲಿಲ್ಲ.

ಈಗ ಅವನ ಬದುಕಿನಲ್ಲಿ ಒಂದು ಸ್ಟೂಲು ಬಂದಿತ್ತು. ಗಲ್ಲಾದ ಪಕ್ಕ ಕೂತು ಬಂದವರಿಗೆ ಮೇಜು ತೋರಿಸಿ, ಹೋಗುವವರಿಗೆ ಬಡೇಸೋಪು ಕೊಡುತ್ತಿದ್ದ ಮುದುಕ ಊರಿಗೆ ಹೋಗಿದ್ದ. ಆ ಸ್ಟೂಲು ದೀಪಾವಳಿಯ ಲಕ್ಷ್ಮೀಪೂಜೆಯಿಂದ ಅಣ್ಣುವಿಗೆ ಎಂದು ಶೆಟ್ಟರು ಮಾತು ಕೊಟ್ಟಿದ್ದರು. ಅಣ್ಣು ದಿನಕ್ಕೆರಡು ಸಲ ಅದರ ಧೂಳು ಹೊಡೆಯುತ್ತಿದ್ದ. ಕೂತು ಮಾತ್ರ ನೋಡಿರಲಿಲ್ಲ. ದೀಪಾವಳಿಗೆ ಇನ್ನು ಎಂಟೇ ದಿನ.

ಇದರ ನಡುವೆ, ಕೆಲವು ತಿಂಗಳ ಹಿಂದೆ, ಸಿನೆಮಾ ಬಂದಿತ್ತು. ಅಂಧೇರಿಯ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದ ಪಿಕ್ಚರಿನಲ್ಲಿ, ಚಹಾ ಕುಡಿಯಲು ಬಂದ ಕೋಟ್ಯಧೀಶನ ಮಗನನ್ನು ನಾಯಕಿ ಸಪ್ಲಾಯರ್ ಎಂದು ತಪ್ಪು ತಿಳಿಯುತ್ತಾಳೆ. ಅವನೂ ಅವಳ ಮುಖ ನೋಡಿ ಮನಸೋತು ಹದಿನಾರು ರೀಲು ಸಪ್ಲಾಯರ್ ಆಗಿಯೇ ಉಳಿಯುತ್ತಾನೆ. ಪ್ರೇಮವೇನೋ ಹೀರೋನಿಗೆ ಸುಲಭವಾಗಿ ಬಂತು, ಕಪ್ಪುಗಳು ಬರಲಿಲ್ಲ. ಎರಡು ಡಜನ್ ಒಡೆದ ಮೇಲೆ ಸ್ಟುಡಿಯೋದವನೊಬ್ಬ ಮಾಟುಂಗಕ್ಕೆ ಬಂದು ಅಣ್ಣುವನ್ನು ಕರೆದ. ಬೆನ್ನು, ಕೈ ಅಣ್ಣುವಿನದು, ಮುಖ ಹೀರೋನದು.

"ಹೋಗೋ, ಸಿನೆಮಾದಾಗ ಎಲ್ಲಾರಿಗೂ ಬೆತ್ತದ ಕುರ್ಚಿ ಕೊಡ್ತಾರ," ಎಂದು ಪುಸಲಾಯಿಸಿದವನು ದಿನವೂ ಅಲ್ಲಿಯೇ ಚಹಾ ಕುಡಿಯುವ ಶಂಕ್ರೆಪ್ಪ. ಹೋಟೆಲಿನಲ್ಲಿ ಸಾವಿಗಲ್ಲದೆ ರಜೆಯಿಲ್ಲ. ಇಪ್ಪತ್ತು ವರ್ಷ ಬಗೆಬಗೆಯ ರಜಾ ಅರ್ಜಿ ಬರೆದು ನುರಿತಿದ್ದ ಶಂಕ್ರೆಪ್ಪನೇ ಉಪಾಯವನ್ನೂ ಹುಡುಕಿದ: ಅಣ್ಣುವಿನ ಸೋದರಮಾವ ದೂಜನ ಬೊಜ್ಜ. ಉತ್ತರಕ್ರಿಯೆಗೆ ಯಾವ ಧಣಿ ಬೇಡವೆಂದಾನು? ದೂಜ ಸತ್ತದ್ದೇನೂ ಸುಳ್ಳಲ್ಲ. ಸತ್ತು ಹನ್ನೊಂದು ವರ್ಷವಾಗಿತ್ತು, ಅಷ್ಟೆ.

ಸ್ಟುಡಿಯೋದಲ್ಲಿ ಬೆತ್ತದ ಕುರ್ಚಿಗಳೇನೋ ಇದ್ದವು. ಪ್ರತಿಯೊಂದರ ಬೆನ್ನ ಮೇಲೂ ಒಬ್ಬೊಬ್ಬರ ಹೆಸರಿತ್ತು. ಅಣ್ಣು ಮೂರು ದಿನವೂ ನಿಂತ.

ಇಂದು ಈ ಥಿಯೇಟರಿನಲ್ಲಿ ಅದೇ ಪಿಕ್ಚರು. "ಹೋಗುವನಾ?" ಎಂದು ಅಣ್ಣು ಮೆಟ್ಟಿಲಿನಿಂದ ಏಳುವಷ್ಟರಲ್ಲಿ, ಛತ್ರಿ ಬೀಸುತ್ತ ಸದಾನಂದ ಶೆಟ್ಟರು ಬರುವುದು ಕಂಡಿತು. ಹೋಟೆಲಿಗೆ ಸುಣ್ಣ ಹೊಡೆಯುವ ದಿನವಾದ್ದರಿಂದ ಅವರಿಗೂ ಬಿಡುವು.

"ಧಣಿಗಳೂ ಬರುದಾ?"

"ಮೂರನೇ ಟಿಕೀಟು ನಾನೇ ಕೊಟ್ಟೇನಿ. ಭಾಳ ಖುಷಿಪಟ್ಟರು..." ಎನ್ನುತ್ತಿದ್ದ ಶಂಕ್ರೆಪ್ಪನ ಮಾತು ಅಲ್ಲಿಗೆ ನಿಂತಿತು. ಪಿಕ್ಚರಿನಲ್ಲಿ ಬೆನ್ನು, ಬೆನ್ನಿನ ಹಿಂದೆ ಬೊಜ್ಜ, ಬೊಜ್ಜದ ಹಿಂದೆ ಸ್ಟೂಲು. ಎಲ್ಲವೂ ಅವನಿಗೆ ಒಟ್ಟಿಗೇ ಹೊಳೆದವು.

ಅಣ್ಣು ಅವನನ್ನು ಮೇಲಿಂದ ಕೆಳಗೆ ನೋಡಿದ. "ಆಫೀಸಿನಲ್ಲಿಯೂ ನೀವು ಇದೇ ಕೆಲಸವಾ ಮಾಡುದು, ಸಾಹೇಬ್ರೇ?"

ಮೂವರೂ ಒಂದೇ ಸಾಲಿನಲ್ಲಿ ಕೂತರು, ಶೆಟ್ಟರು ನಡುವೆ. ಶಂಕ್ರೆಪ್ಪನಿಗೆ ಪಿಕ್ಚರ್ ಕಾಣಲೇ ಇಲ್ಲ, ಅವನು ಶೆಟ್ಟರ ಮುಖವನ್ನೇ ನೋಡುತ್ತಿದ್ದ. ನಾಲ್ಕನೇ ರೀಲಿನಲ್ಲಿ ಬೆನ್ನು ಬಂತು. ಆರು ಕಪ್ಪು ಬಂದವು. ಶಂಕ್ರೆಪ್ಪ ಮನೆದೇವರನ್ನು ನೆನೆದ. ಪರದೆಯ ಕೈ ಬಟ್ಟೆಯ ತುದಿ ಎಳೆದು ಮೊದಲನೆಯ ಸಾಸರಿನ ಅಡಿ ಒರೆಸಿತು.

ಶೆಟ್ಟರು ಎದ್ದು ನಿಂತರು. "ಇದು ನನ್ನ ಹೋಟೆಲಿನ ಕೈ!"

"ಬೈಠೋ ಬೈಠೋ!" ಎಂದು ಹಿಂದಿನವರು ಕೂಗಿದರು. ನಾಯಕಿಗೆ ಹದಿನಾರು ರೀಲಿನಲ್ಲಿ ತಿಳಿಯದ್ದು ಶೆಟ್ಟರಿಗೆ ಒಂದು ಸಾಸರಿನಲ್ಲಿ ತಿಳಿದಿತ್ತು. ಅವರು ಅಣ್ಣುವಿನ ಕಡೆ ತಿರುಗಿದರು. ಅಣ್ಣು ಬಾಯಿ ತೆರೆದು ಗಾಢ ನಿದ್ರೆಯಲ್ಲಿದ್ದ. ಎಬ್ಬಿಸಲು ಹೋದ ಶಂಕ್ರೆಪ್ಪನ ಕೈಯನ್ನು ಶೆಟ್ಟರೇ ಹಿಡಿದು ತಡೆದರು.

ಪಿಕ್ಚರ್ ಮುಗಿದು ದೀಪ ಹತ್ತಿದಾಗ ಅಣ್ಣು ಕಣ್ಣುಜ್ಜಿಕೊಂಡು ಧಣಿಯ ಮುಖ ನೋಡಿದ. ನೋಡಿದವನಿಗೆ ಎಲ್ಲವೂ ಗೊತ್ತಾಯಿತು.

"ದೂಜನ ಬೊಜ್ಜ ಅಂಧೇರಿಯಲ್ಲಿಯಾ?" ಎಂದರು ಶೆಟ್ಟರು. "ನಾನು ಆ ಬೊಜ್ಜದ ಊಟ ಹನ್ನೊಂದು ವರ್ಷದ ಹಿಂದೆಯೇ ಉಂಡವ, ಮಾರಾಯ. ಎಲ್ಲಿಯಾದರೂ ಬಿದ್ದು ನಿದ್ರೆ ಮಾಡ್ಲಿ ಅಂತ ಸುಮ್ಮನಿದ್ದೆ."

ಶಂಕ್ರೆಪ್ಪ ಉಸಿರು ಬಿಟ್ಟ. "ಹಂಗಾರ ಸ್ಟೂಲು..."

"ಎಂತ ಸ್ಟೂಲು?" ಶೆಟ್ಟರ ಕಣ್ಣು ಒದ್ದೆಯಾಗಿತ್ತು. "ನಾಳೆಯಿಂದ ಇಡೀ ಮಾಟುಂಗ ಈ ಕೈ ನೋಡ್ಲಿಕ್ಕೆ ಬರ್ತದೆ. ಇಂಥ ಕೈಯಲ್ಲಿ ಬಡೇಸೋಪು ಹಂಚಿಸುದಾ? ನಾನು ಬದುಕಿರುವವರೆಗೆ ಆಗ್ಲಿಕ್ಕಿಲ್ಲ!"

"ಶೆಟ್ಟರ, ಅವನ ಕಾಲು ಒಮ್ಮೆ ನೋಡ್ರಿ."

"ಕಾಲು ಪಿಕ್ಚರಿನಲ್ಲಿ ಕಾಣುದಿಲ್ಲ, ಸಾಹೇಬ್ರೇ," ಎಂದರು ಶೆಟ್ಟರು.

ಶಂಕ್ರೆಪ್ಪ ತಲೆ ತಗ್ಗಿಸಿದ. ಇಂದು ಅವನು ಹೊಡೆದದ್ದು ಎರಡು ಬೆನ್ನಿಗೆ. ಕುಲ್ಫಿಯವನಿಗೆ ಷರ್ಟು ಮಾತ್ರ ಹಾಳಾಗಿತ್ತು.

ಟಾಕೀಸಿನವನು ಬಂದು "ಚಲೋ, ಖಾಲಿ ಕರೋ" ಎಂದ. ಸಾಲುಗಳು ಬರಿದಾಗಿದ್ದವು. ಅಣ್ಣು ಮಾತ್ರ ಆಸನದ ಎರಡೂ ತೋಳುಗಳ ಮೇಲೆ ಕೈಯಿಟ್ಟು ಹಾಗೆಯೇ ಕೂತಿದ್ದ.

"ಹೇಳು ಅಣ್ಣು," ಎಂದರು ಶೆಟ್ಟರು ಹೆಮ್ಮೆಯಿಂದ, "ನಿನ್ನ ಪಿಕ್ಚರ್ ಹೇಗಿತ್ತು?"

ಅಣ್ಣು ನಿಧಾನವಾಗಿ ಎದ್ದು ನಿಂತು, ಹಿಂತಿರುಗಿ ಒಮ್ಮೆ ನೋಡಿದ.

"ಕುರ್ಚಿ ಲಾಯ್ಕ್ ಉಂಟು, ಧಣಿಗಳೇ."