ಹಳದಿ ಪಟ್ಟಿಯ ಕಾಲೇಜು

ನಾನು ಪಿಯುಸಿ ಪಾಸಾದಾಗ ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಇಂಟರ್ನೆಟ್ ಅಂಗಡಿ ಇತ್ತು. ಅದರ ಮಾಲೀಕರು ಮೊದಲು ಗೋಡೆಗಳ ಮೇಲೆ ಜಾಹೀರಾತು ಬರೆಯುವ ಪೇಂಟರ್. ಫ್ಲೆಕ್ಸ್ ಬಂದು ಕುಂಚಕ್ಕೆ ಕೆಲಸ ಕಡಿಮೆಯಾದ ಮೇಲೆ ನಾಲ್ಕು ಹಳೆಯ ಕಂಪ್ಯೂಟರ್ ಇಟ್ಟುಕೊಂಡಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅಪ್ಪ ಒಂದು ದಿನದ ಕೂಲಿ ಬಿಟ್ಟು ನಮ್ಮೂರು ಸೂಡಿಯಿಂದ ನನ್ನನ್ನು ಅಲ್ಲಿಗೆ ಕರೆತಂದ. ನನಗೆ ನರ್ಸಿಂಗ್ ಕಲಿಯಬೇಕಿತ್ತು, ಬೇರೆ ಯಾವುದೂ ಬೇಡವಾಗಿತ್ತು.

ಚಾಚಾ ಹುಡುಕುವ ಪದ ಟೈಪ್ ಮಾಡಿಕೊಟ್ಟು ಬೇರೆ ಗಿರಾಕಿಯ ಕಡೆ ಹೋದರು. ಪರದೆಯ ತುಂಬ ಕಾಲೇಜುಗಳು. ನಮ್ಮ ಶಾಲೆಯಲ್ಲಿ ಫಲಿತಾಂಶದ ಹಾಳೆ ಅಂಟಿಸಿದರೆ ಹೆಚ್ಚು ಅಂಕ ಬಂದವರ ಹೆಸರು ಮೇಲೆ ಇರುತ್ತಿತ್ತು. ಕಂಪ್ಯೂಟರ್ ಕೂಡ ಹಾಗೇ ಬರೆದಿರುತ್ತದೆ ಎಂದು ನಂಬಿ ಮೊದಲ ಸಾಲಿನ ಕಾಲೇಜನ್ನೇ ಒತ್ತಿದೆ. ಇಂಗ್ಲಿಷನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ: ಸೀಟು ಖಾತ್ರಿ, ಹಾಸ್ಟೆಲ್ ಉಂಟು, ಮೂಲ ಅಂಕಪಟ್ಟಿಯನ್ನು ಕೂಡಲೇ ಕೊರಿಯರ್ ಮಾಡಿ. ಅಪ್ಪ ಅಂಕಪಟ್ಟಿಯನ್ನು ಲಕೋಟೆಗೆ ಹಾಕಿಯೇಬಿಟ್ಟ. ವಿಳಾಸ ಬರೆಸಲು ಚಾಚಾರನ್ನು ಕರೆದೆ.

ಅವರು ಪರದೆ ನೋಡಿ ಲಕೋಟೆಯ ಮೇಲೆ ಕೈಯಿಟ್ಟರು. "ತಡೀರಿ ಯಜಮಾನ್ರ. ಇದು ಜಾಹೀರಾತು ಐತ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಎಲ್ಲಾದಕ್ಕಿಂತ ಮ್ಯಾಲೆ ಐತಿ. ಜಾಹೀರಾತು ಹ್ಯಾಂಗ ಆಗ್ತೈತಿ?" ಅಂದೆ.

ಅವರು ಹಿಂದಿನ ಪುಟಕ್ಕೆ ಹೋಗಿ ಮಾನಿಟರಿನ ಬೆಳಕು ಇಳಿಸಿದರು. ಅಲ್ಲಿಯವರೆಗೆ ಪೂರ್ತಿ ಬೆಳ್ಳಗಿದ್ದ ಪುಟದಲ್ಲಿ, ಮೇಲಿನ ಮೂರು ಹೆಸರುಗಳ ಹಿಂದೆ ತೆಳು ಹಳದಿ ಪಟ್ಟಿಯೊಂದು ಕಂಡಿತು. ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ.

"ರೊಕ್ಕ ಕೊಟ್ಟು ಹಾಕಿಸಿದ್ದು ಅಂತ ಬರದಾರ ನೋಡವ್ವಾ. ಖರೇ, ಯಾರೂ ಓದಬಾರದು ಅನ್ನೂಹಂಗ ಬರದಾರ. ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲೆ ಇದ ಕಾಲೇಜಿನ ಹೆಸರು ಐತಲ್ಲ, ಅದನ್ನ ಬರದಾಂವ ನಾನ."

"ಮತ್ತ ನೀವ್ಯಾಕ ಬರದ್ರಿ?"

ಚಾಚಾ ಲಕೋಟೆಯನ್ನು ಅಪ್ಪನ ಕೈಗೆ ಕೊಟ್ಟರು. "ಹೊಟ್ಟಿಪಾಡು. ಆದ್ರ ಗ್ವಾಡಿ ಮ್ಯಾಲಿಂದು ಜಾಹೀರಾತು ಅಂತ ಸಣ್ಣ ಹುಡುಗ್ರಿಗೂ ತಿಳಿತೈತಿ. ಇಲ್ಲಿ ಪಿಯುಸಿ ಪಾಸಾದ ನಿನಗ ತಿಳೀಲಿಲ್ಲ. ಹಿಂಗ ಮಾಡೂದು ಚಲೋ ಅಲ್ಲ."

ಅವರೇ ಆ ಕಾಲೇಜಿಗೆ ಫೋನ್ ಹಚ್ಚಿ, ಸರಕಾರದ ಮಾನ್ಯತೆ ಇದೆಯೇ ಎಂದು ಕೇಳಿದರು. ಮೊದಲು ಒರಿಜಿನಲ್ ಕಳಿಸಿ ಎಂದು ಆ ಕಡೆಯವರು ಫೋನಿಟ್ಟರು. ಸರಕಾರಿ ನರ್ಸಿಂಗ್ ಶಾಲೆ ಸಿಕ್ಕಿದ್ದು ಎರಡನೆಯ ಪುಟದ ಕೆಳಗೆ. ನಾನು ಮಾತ್ರ ಮುಖ ಊದಿಸಿಕೊಂಡೇ ಹೊರಗೆ ಬಂದೆ.

ಆ ಶಾಲೆಯಲ್ಲಿ ಸೀಟು ಸಿಕ್ಕ ಮೇಲೆ ಪೇಢೆ ತೆಗೆದುಕೊಂಡು ಹೋಗಿ, "ತಪ್ಪಾತ್ರಿ ಚಾಚಾ," ಅಂದೆ. ಅಷ್ಟರಲ್ಲಿ ಅವರು ಕಂಪ್ಯೂಟರುಗಳ ಮೇಲಿನ ಗೋಡೆಗೆ ಕೆಂಪು ಬಣ್ಣದ ದುಂಡು ಅಕ್ಷರಗಳಲ್ಲಿ, "ಮೇಲಿನ ಸಾಲುಗಳು ಜಾಹೀರಾತು. ಒತ್ತುವ ಮುಂಚೆ ನನ್ನನ್ನು ಕರೆಯಿರಿ" ಎಂದು ಬರೆದಿದ್ದರು. ಓದಿ ಕಣ್ಣು ತುಂಬಿ ಬಂತು.

ಇಂದು ನಾನು ಸರಕಾರಿ ದವಾಖಾನೆಯಲ್ಲಿ ನರ್ಸ್. ಪಿಯುಸಿಯಲ್ಲಿ ನನ್ನ ಜೊತೆ ಓದಿದ ನರೇಗಲ್ಲಿನ ಗೆಳತಿ, ಬೇರೆ ಊರಿನ ಅಂಗಡಿಯಲ್ಲಿ ಕೂತು, ಅದೇ ಮೊದಲ ಸಾಲನ್ನು ಒತ್ತಿದ್ದಳು. ಕೊರಿಯರ್ ಮಾಡಿದ ಅವಳ ಅಂಕಪಟ್ಟಿ ಬಹಳ ದಿನ ವಾಪಸ್ ಬರಲಿಲ್ಲ, ಅದಿಲ್ಲದೆ ಬೇರೆಲ್ಲೂ ಸೀಟು ಸಿಗದೆ ಓದು ಅಲ್ಲಿಗೇ ನಿಂತಿತು. ಅಂಕ ನನಗಿಂತ ಅವಳಿಗೇ ಹೆಚ್ಚು ಬಂದಿದ್ದವು.